ಇಂಗ್ಲಿಷ್‌ನ ಭಯವೋ, ನಗುವವರ ಭಯವೋ?

ಗಣಿತ, ವಿಜ್ಞಾನಗಳಲ್ಲಿ ಚುರುಕಾಗಿರುವ ಹಳ್ಳಿಯ ಹೈಸ್ಕೂಲು ಹುಡುಗಿಯೂ ಇಂಗ್ಲಿಷ್ ಪಿರಿಯಡ್ ಬಂತೆಂದರೆ ತಲೆ ತಗ್ಗಿಸಿ ಕೂರುತ್ತಾಳೆ. ಕರ್ನಾಟಕದ ಸರಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಕಲಿಕೆ ಆರಂಭವಾಯಿತು. ಆದರೂ ಭಯ ದೂರವಾಗಿಲ್ಲ. ಈ ಭಯದಿಂದಲೇ "ಪಿಯುಸಿಯಲ್ಲಿ ಸೈನ್ಸ್ ನನ್ನಿಂದಾಗದು" ಎಂದು ಮೊದಲೇ ಸೋಲೊಪ್ಪಿಕೊಳ್ಳುವವರಿದ್ದಾರೆ. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸುವವರೂ ಇದ್ದಾರೆ.

ಅನ್ಯಭಾಷೆ ಕಲಿಯುವವರ ಆತಂಕದ ಕುರಿತು ಎಲೈನ್ ಹಾರ್ವಿಟ್ಸ್ ಮತ್ತು ಸಂಗಡಿಗರು 1986ರಲ್ಲಿ ಬರೆದ ಲೇಖನ ಪ್ರಸಿದ್ಧವಾಗಿದೆ. ಮಾತನಾಡುವ ಅಂಜಿಕೆ, ಪರೀಕ್ಷೆಯ ಭಯ ಹಾಗೂ ಇತರರು ಏನೆಂದುಕೊಳ್ಳುವರೋ ಎಂಬ ಅಳುಕು ಇದರಲ್ಲಿ ಬೆರೆತಿವೆ ಎಂದು ಅವರು ಗುರುತಿಸಿದರು. ನಮ್ಮ ಮಕ್ಕಳನ್ನು ಹೆಚ್ಚು ಕಾಡುವುದು ಈ ಮೂರನೆಯದೇ.

ಹೊಸ ಭಾಷೆ ಕಲಿಯುವುದು ನಮ್ಮ ಮಕ್ಕಳಿಗೆ ಹೊಸತಲ್ಲ. ಮಂಗಳೂರು ಕಡೆಯ ಮಗು ಮನೆಯಲ್ಲಿ ಬ್ಯಾರಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಆಡುತ್ತದೆ, ಮದ್ರಸದಲ್ಲಿ ಅರಬಿ ಓದುತ್ತದೆ. ಇಂಗ್ಲಿಷ್‌ನಲ್ಲಿ ಬರೆದಂತೆ ಓದಲಾಗದು, ನಿಜ. 'ಪುಟ್', 'ಬಟ್' ಎರಡರಲ್ಲೂ ನಡುವಿನ ಅಕ್ಷರ ಒಂದೇ, ಉಚ್ಚಾರ ಬೇರೆ. ಆದರೆ 'ಅಶ್ಶಂಸ್' ಎಂಬಲ್ಲಿ ಬರೆದಿರುವ ಲಾಮ್ ಅಕ್ಷರವನ್ನು ಉಚ್ಚರಿಸಬಾರದೆಂದು ಎಳೆಯ ಮಗುವೂ ಕಲಿಯುತ್ತದಲ್ಲ? ಅದು ದಿನವೂ ಉಸ್ತಾದರ ಮುಂದೆ ಗಟ್ಟಿಯಾಗಿ ಓದುತ್ತದೆ. ತಪ್ಪಿದರೆ ಅವರು ತಿದ್ದುತ್ತಾರೆ, ಮಗು ಪುನಃ ಓದುತ್ತದೆ. ಇಂಗ್ಲಿಷನ್ನಾದರೋ ಗೈಡ್ ನೋಡಿ ಬರೆದು, ಬಾಯಿಪಾಠ ಮಾಡಿ ಮುಗಿಸುತ್ತೇವೆ. ಅಪರೂಪಕ್ಕೆ ಬಾಯಿ ತೆರೆದರೆ ತರಗತಿಯೇ ನಗುತ್ತದೆ.

ಕುರ್‌ಆನನ್ನು ತಡವರಿಸುತ್ತಾ ಕಷ್ಟಪಟ್ಟು ಓದುವವರಿಗೆ ಇಮ್ಮಡಿ ಪ್ರತಿಫಲವಿದೆ ಎಂದು ಪ್ರವಾದಿ(ಸ) ತಿಳಿಸಿದ್ದಾರೆ. ಕಲಿಯುವವರು ತಡವರಿಸುವುದು ಅವಮಾನವಲ್ಲ ಎಂಬ ಪಾಠ ಇದರಲ್ಲಿದೆ. ಇನ್ನು ಪರರನ್ನು ಅಪಹಾಸ್ಯ ಮಾಡುವುದನ್ನು ಸೂರಃ ಅಲ್ ಹುಜುರಾತ್ ಸ್ಪಷ್ಟವಾಗಿ ನಿಷೇಧಿಸಿದೆ. ಇಂಗ್ಲಿಷ್ ಮೀಡಿಯಂನಲ್ಲಿ ಕಲಿಯುವ ಅಣ್ಣನೋ ಚಿಕ್ಕಪ್ಪನ ಮಗನೋ ಹುಡುಗಿಯ ಉಚ್ಚಾರವನ್ನು ಅಣಕಿಸಿದರೆ ಮನೆಯವರು ಅದನ್ನು ತಮಾಷೆಯೆಂದು ಬಿಟ್ಟುಬಿಡಬಾರದು.

"ನನಗೇ ಇಂಗ್ಲಿಷ್ ಬಾರದು, ಏನು ಹೇಳಿಕೊಡಲಿ?" ಎಂದು ತಾಯಂದಿರು ಕೇಳುವುದುಂಟು. ಹೇಳಿಕೊಡಬೇಕಿಲ್ಲ, ಕೇಳಿಸಿಕೊಂಡರೆ ಸಾಕು. ಮಗ್ರಿಬ್ ಬಳಿಕ ಕುರ್‌ಆನ್ ಓದಿ ಮುಗಿದ ಮೇಲೆ ಹತ್ತು ನಿಮಿಷ ಇಂಗ್ಲಿಷ್ ಪಾಠದ ಒಂದು ಪ್ಯಾರಾ ಗಟ್ಟಿಯಾಗಿ ಓದಿಸಿರಿ. ಅರ್ಥವನ್ನು ಮನೆಮಾತಿನಲ್ಲಿ ಹೇಳಿಸಿರಿ. ತೊಡಕಾದ ಪದಗಳಿಗೆ ಪೆನ್ಸಿಲ್ ಗೆರೆ ಎಳೆದುಕೊಂಡು ಮರುದಿನ ಟೀಚರಲ್ಲಿ ಕೇಳಲಿ. ತಾಯಿಯ ಮುಂದೆ ಅಳುಕಿಲ್ಲದೆ ಓದುವ ಮಗಳು, ಇನ್‌ಶಾ ಅಲ್ಲಾಹ್, ನಾಳೆ ತರಗತಿಯಲ್ಲೂ ಎದ್ದು ನಿಂತು ಓದುವಳು.