ಬಹುಮತವನ್ನು ಎಣಿಸುವ ಸ್ಥಳ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ತೋಟಗಳ ನಡುವಣ ಗ್ರಾಮ ಪಂಚಾಯಿತಿಗಳಲ್ಲಿ ಅಧ್ಯಕ್ಷರ ಚುನಾವಣೆಯ ದಿನ, ಊರವರು ಕಚೇರಿಯ ಹೊರಗೆ ಕಾದು ನಿಂತಿರಲು, ಒಳಗೆ ಅವರೇ ಆರಿಸಿ ಕಳುಹಿಸಿದ ಸದಸ್ಯರು ಚುನಾವಣಾಧಿಕಾರಿಯ ಸಮಕ್ಷಮದಲ್ಲಿ ತಮ್ಮೊಳಗೊಬ್ಬರನ್ನು ಆರಿಸುತ್ತಾರೆ; ಮತಗಳು ಸಮನಾದರೆ ಚೀಟಿ ಎತ್ತುವುದೂ ಉಂಟು. ಜನರು ಸದಸ್ಯರನ್ನೂ ಸದಸ್ಯರು ನಾಯಕನನ್ನೂ ಆರಿಸುವ ಈ ಕ್ರಮವೇ ವಿಧಾನಸೌಧದಲ್ಲಿಯೂ ನಡೆಯತಕ್ಕದ್ದು.

ಮೈಸೂರು ಸಂಸ್ಥಾನದ ಕಾಲದಲ್ಲಿ ಹೀಗಿರಲಿಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರೂ, ದಿವಾನರನ್ನು ನೇಮಿಸುವ ಅಧಿಕಾರ ಮಹಾರಾಜರದೇ ಆಗಿತ್ತು. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ' ಚಳವಳಿಯ ಫಲವಾಗಿ 1947ರ ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದಿತು.

ಮುಖ್ಯಮಂತ್ರಿಯನ್ನು ರಾಜ್ಯಪಾಲರು ನೇಮಿಸತಕ್ಕದ್ದೆಂದೂ, ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯೆಂದೂ ಸಂವಿಧಾನದ 164ನೆಯ ವಿಧಿ ಹೇಳುತ್ತದೆ. ಸಭೆಯ ವಿಶ್ವಾಸ ಯಾರಿಗಿದೆಯೆಂಬುದನ್ನು ಎಲ್ಲಿ ಎಣಿಸಬೇಕು? ಈ ಪ್ರಶ್ನೆ ಇತ್ಯರ್ಥವಾದದ್ದು ನಮ್ಮ ನಾಡಿನದೇ ಒಂದು ವ್ಯಾಜ್ಯದಿಂದ. 1989ರ ಏಪ್ರಿಲಿನಲ್ಲಿ ಅಂದಿನ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರಿಗೆ ಬೆಂಬಲವಿಲ್ಲವೆಂದು 19 ಶಾಸಕರ ಪತ್ರಗಳು ರಾಜಭವನವನ್ನು ಸೇರಿದುವು. ಅವರಲ್ಲಿ 7 ಮಂದಿ, ತಮ್ಮ ಸಹಿಗಳನ್ನು ತಪ್ಪು ತಿಳಿವಳಿಕೆ ನೀಡಿ ಪಡೆಯಲಾಗಿದೆಯೆಂದು ಬಳಿಕ ಬರೆದರು. ಸದನದಲ್ಲಿ ಬಹುಮತ ತೋರಿಸುವೆನೆಂದು ಮುಖ್ಯಮಂತ್ರಿ ಮುಂದೆ ಬಂದರು. ಆದರೂ ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು. ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿದ ಕಾಯಿಯನ್ನು ಕಿವಿಯ ಬಳಿ ಅಲುಗಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡ ಸದ್ದನ್ನು ತಾನೇ ಕೇಳಿದಲ್ಲದೆ ಒಡೆಯಲೊಪ್ಪದ ನಮ್ಮ ರೈತನಿಗೆ, ಈ ಅನ್ಯಾಯವನ್ನು ವಿವರಿಸಿ ಹೇಳಬೇಕಾಗಿಲ್ಲ. ಐದು ವರ್ಷಗಳ ಬಳಿಕ, 1994ರ ಮಾರ್ಚ್ 11ರಂದು, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲಿ, ರಾಜಭವನದಲ್ಲಲ್ಲ ಎಂದು ತೀರ್ಪಿತ್ತಿತು. ಕಳೆದ ಸರ್ಕಾರ ಬೊಮ್ಮಾಯಿಯವರಿಗೆ ಮರಳಿ ದೊರೆಯಲಿಲ್ಲ. ಮುಂದಿನವರೆಲ್ಲರಿಗೂ ರಕ್ಷಣೆ ದೊರೆಯಿತು. ಕರ್ನಾಟಕವು ದೇಶಕ್ಕಿತ್ತ ದೊಡ್ಡ ಕೊಡುಗೆಗಳಲ್ಲಿ ಇದೊಂದೆಂದು ನಾನು ನಂಬಿದ್ದೇನೆ. ಆದುದರಿಂದಲೇ, ಪಂಚಾಯಿತಿಯ ಅಧ್ಯಕ್ಷಗಿರಿಯ ಚುನಾವಣೆ ಸಮೀಪಿಸಿದಾಗ ಸದಸ್ಯರನ್ನು 'ಪ್ರವಾಸ'ಕ್ಕೆಂದು ಸಾಗಿಸಿ ಬಚ್ಚಿಡುವ ಪದ್ಧತಿ ನನಗೆ ಅಸಹ್ಯವೆನಿಸುತ್ತದೆ: ಎಣಿಕೆ ಸಭೆಯಲ್ಲೇ ನಡೆದರೂ, ಎಣಿಸಲ್ಪಡುವ ಮನಸ್ಸು ಅಷ್ಟರಲ್ಲಿ ಸ್ವತಂತ್ರವಾಗಿ ಉಳಿದಿರುವುದಿಲ್ಲ.

ಸದನದ ವಿಶ್ವಾಸ ಪಡೆದ ಮೇಲೆ ಮಂತ್ರಿಗಳ ಆಯ್ಕೆ ಮುಖ್ಯಮಂತ್ರಿಯದು; ಕೊನೆಯ ಎಣಿಕೆ ಮಾತ್ರ ಮತದಾರರದು. 2021ರಲ್ಲಿ ಅದೇ ಬೊಮ್ಮಾಯಿಯವರ ಮಗ ಬಸವರಾಜ ಬೊಮ್ಮಾಯಿ ರಚಿಸಿದ ಸಂಪುಟದಲ್ಲಿ ತಿಪಟೂರಿನ ಬಿ.ಸಿ. ನಾಗೇಶ್, ಚಿಕ್ಕನಾಯಕನಹಳ್ಳಿಯ ಜೆ.ಸಿ. ಮಾಧುಸ್ವಾಮಿ ಇಬ್ಬರೂ ಇದ್ದರು. 2023ರ ಚುನಾವಣೆಯಲ್ಲಿ ಎರಡೂ ಕ್ಷೇತ್ರಗಳ ಮತದಾರರು ಬೇರೆಯವರನ್ನು ಆರಿಸಿದರು.