ಸೂರ್ಯರಶ್ಮಿಯಿಂದ ವಿಷಹರಣ

ಸ್ಪೇನ್ ದೇಶದ ಅಲ್ಮೇರಿಯಾ ಪ್ರಾಂತವು ಪ್ಲಾಸ್ಟಿಕ್ ಹೊದಿಕೆಯ ಹಸಿರುಮನೆಗಳಿಗೆ ಪ್ರಸಿದ್ಧವಾದುದು. ಅಲ್ಲಿ ಬರಿದಾದ ಕೀಟನಾಶಕದ ಸೀಸೆಗಳನ್ನು ತೊಳೆದ ನೀರು ವಿಷಮಯ. ಅದು ಇಂಗಿದರೆ ಅಂತರ್ಜಲಕ್ಕೇ ಕೇಡು. ಈ ವಿಷವನ್ನು ಬಿಸಿಲಿನಿಂದಲೇ ನಾಶಗೊಳಿಸುವ ಪ್ರಯೋಗಗಳು ಅದೇ ಪ್ರಾಂತದ ತಬೆರ್ನಾಸ್ ಮರುಭೂಮಿಯ ಸೌರ ಸಂಶೋಧನಾ ಕೇಂದ್ರದಲ್ಲಿ ನಡೆದಿವೆ.

ಬಿಸಿಲಿನಲ್ಲಿಟ್ಟರೆ ವಿಷವು ತಾನಾಗಿಯೇ ಅಳಿಯದೆ? ಎಂದು ವಾಚಕರು ಕೇಳಬಹುದು. ಅನೇಕ ಕೀಟನಾಶಕಗಳು ನೆಲ ಮುಟ್ಟುವ ಬಿಸಿಲನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ. ಆದುದರಿಂದ ಮಧ್ಯವರ್ತಿಯೊಂದು ಬೇಕು. ಬಿಳಿಯ ಬಣ್ಣಗಳಲ್ಲಿ ಬಳಸುವ ಟೈಟೇನಿಯಂ ಡೈಆಕ್ಸೈಡ್ ಪುಡಿ ಅಂಥದೊಂದು. ಅದರ ಅನಟೇಸ್ ರೂಪದಲ್ಲಿ ಎಲೆಕ್ಟ್ರಾನೊಂದನ್ನು ಬಿಡಿಸಲು ಸುಮಾರು 3.2 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಸುಮಾರು 388 ನ್ಯಾನೊಮೀಟರಿಗಿಂತ ಕಿರಿದಾದ ತರಂಗಗಳ ಫೋಟಾನುಗಳಿಗೆ ಮಾತ್ರ ಅಷ್ಟು ಶಕ್ತಿಯುಂಟು. ಕೆಂಪು ಬೆಳಕನ್ನು ಎಷ್ಟು ಸುರಿದರೂ ವ್ಯರ್ಥ. ಬಿಸಿಲಿನ ಶಕ್ತಿಯಲ್ಲಿ ಅತಿನೇರಳೆ ಕಿರಣಗಳ ಪಾಲಾದರೋ ನೂರಕ್ಕೆ ಸುಮಾರು 5 ಮಾತ್ರ!

ಬಿಡುಗಡೆಯಾದ ಎಲೆಕ್ಟ್ರಾನನ್ನು ನೀರಿನಲ್ಲಿ ಕರಗಿದ ಆಮ್ಲಜನಕವು ಸೆಳೆದುಕೊಳ್ಳುತ್ತದೆ. ತೆರವಾದ ಸ್ಥಾನವು ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲನ್ನು ಹುಟ್ಟಿಸುತ್ತದೆ. ಇದು ಕೀಟನಾಶಕದ ಅಣುವನ್ನು ಛೇದಿಸುತ್ತ ಹೋಗಿ, ಕಡೆಗೆ ಇಂಗಾಲದ ಡೈಆಕ್ಸೈಡ್, ನೀರು ಹಾಗೂ ಲವಣಗಳನ್ನಾಗಿ ಮಾರ್ಪಡಿಸಬಲ್ಲುದು. ನಡುವೆ ನಿಂತರೆ ಅಪಾಯ: ಒಡೆದ ತುಣುಕು ಮೂಲ ವಿಷಕ್ಕಿಂತಲೂ ತೀವ್ರವಾಗಿರಬಹುದು. ಕೀಟನಾಶಕವು ಕಾಣದಾದ ಮಾತ್ರಕ್ಕೆ ನೀರು ಶುದ್ಧವಾಯಿತೆನ್ನಲಾಗದು. ಉಳಿದ ಸಾವಯವ ಇಂಗಾಲವನ್ನೂ ಅಳೆದು ನೋಡಬೇಕು.