ಜೀವಸತ್ವ 'ಇ'ಗೆ ಭಾರ ಜಲಜನಕದ ಗುರುತು: ಪ್ರಯೋಗಾಲಯದ ತೂಕದ ಕಲ್ಲು ಸಿದ್ಧವಾಗುವ ಬಗೆ

ತಕ್ಕಡಿ ಹಿಡಿದು ವ್ಯಾಪಾರ ಮಾಡುವವರಿಗೆ ತೂಕದ ಕಲ್ಲಿನ ಮೇಲಿನ ಸರಕಾರಿ ಮುದ್ರೆಯ ಮಹತ್ವವನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. ಕಲ್ಲು ಸರಿಯಿಲ್ಲದಿದ್ದರೆ ತಕ್ಕಡಿ ಎಷ್ಟೇ ಉತ್ತಮವಾಗಿದ್ದರೂ ತೂಕ ತಪ್ಪುತ್ತದೆ. ಔಷಧ ಹಾಗೂ ಪೌಷ್ಟಿಕ ಆಹಾರ ಉದ್ದಿಮೆಗಳು ಆಶ್ರಯಿಸಿರುವ ಪ್ರಯೋಗಾಲಯಗಳಲ್ಲಿಯೂ ಇಂತಹ ತೂಕದ ಕಲ್ಲುಗಳುಂಟು. ಮಿಲಿಗ್ರಾಂ ಲೆಕ್ಕದಲ್ಲಿ ಮಾರಾಟವಾಗುವ, ಭಾರ ಜಲಜನಕದ ಗುರುತು ಹೊತ್ತ ರಾಸಾಯನಿಕಗಳೇ ಅವು. ಜೀವಸತ್ವ 'ಇ' ದೇಹದಲ್ಲಿ ಕರಗಿ ಹೊರಬರುವಾಗ ಉಂಟಾಗುವ ಪದಾರ್ಥಗಳನ್ನು ಈ ರೀತಿ ಗುರುತು ಹಾಕಿ ತಯಾರಿಸುವ ವಿಧಾನವನ್ನು, ವ್ಯಾಪಾರಸ್ಥರಿಗೂ ಸಣ್ಣ ಉದ್ದಿಮೆದಾರರಿಗೂ ಅದರಿಂದ ತಿಳಿಯಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಒಂದೇ ಅಂಕಿ, ಎರಡು ಸರಕು

ಮಾರುಕಟ್ಟೆಯಲ್ಲಿ ದೊರೆಯುವ ಜೀವಸತ್ವ 'ಇ'ಯಲ್ಲಿ ಎರಡು ಬಗೆ. ಸೋಯಾ ಮುಂತಾದ ಎಣ್ಣೆಗಳ ಶುದ್ಧೀಕರಣದಲ್ಲಿ ವಾಸನೆ ತೆಗೆಯುವಾಗ ದೊರೆಯುವ ಉಪ ಉತ್ಪನ್ನದಿಂದ ಪಡೆದದ್ದು ಸಹಜವಾದದ್ದು. ಟ್ರೈಮೀಥೈಲ್ ಹೈಡ್ರೋಕ್ವಿನೋನ್ ಮತ್ತು ಐಸೋಫೈಟಾಲ್ ಎಂಬ ಎರಡು ರಾಸಾಯನಿಕಗಳನ್ನು ಕಾರ್ಖಾನೆಯಲ್ಲಿ ಕೂಡಿಸಿ ಪಡೆದದ್ದು ಕೃತಕವಾದದ್ದು. ಎರಡರ ಅಣುವಿನಲ್ಲಿಯೂ ಅದೇ ಪರಮಾಣುಗಳು, ಅಷ್ಟೇ ಸಂಖ್ಯೆಯಲ್ಲಿವೆ. ಆದರೆ ಸಹಜ ಆಲ್ಫಾ ಟೋಕೋಫೆರಾಲ್ ಒಂದೇ ವಿನ್ಯಾಸದ ಅಣು. ಕೃತಕವಾದದ್ದು ಎಡಗೈ ಬಲಗೈಗಳಂತೆ ತಿರುವು ಬೇರೆಯಾದ ಎಂಟು ವಿನ್ಯಾಸಗಳ ಮಿಶ್ರಣ.

ಹಿಂದೆ ಈ ವ್ಯತ್ಯಾಸವನ್ನು ಇಲಿಗಳ ಮೇಲಿನ ಪರೀಕ್ಷೆಯಿಂದ ಅಳೆದು, ಸಹಜವಾದದ್ದಕ್ಕೆ ಕೃತಕದ 1.36 ಪಟ್ಟು ಬಲವೆಂದು ಲೆಕ್ಕ ಹಾಕಲಾಗಿತ್ತು. ಸೀಸೆಗಳ ಮೇಲೆ ಐಯು ಎಂಬ ಅಂತರರಾಷ್ಟ್ರೀಯ ಘಟಕದಲ್ಲಿ ಮುದ್ರಿತವಾಗುತ್ತಿದ್ದುದು ಈ ಲೆಕ್ಕವೇ. 2000ದಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು, ಮನುಷ್ಯನ ದೇಹವು ಕೃತಕ ಮಿಶ್ರಣದ ಅರ್ಧ ಭಾಗವನ್ನು ಮಾತ್ರ ಉಳಿಸಿಕೊಳ್ಳುತ್ತದೆ ಎಂಬ ನಿಲುವನ್ನು ಪ್ರಕಟಿಸಿತು. 2016ರಲ್ಲಿ ಆ ದೇಶದ ಆಹಾರ ಮತ್ತು ಔಷಧ ಆಡಳಿತವು ಲೇಬಲಿನಲ್ಲಿ ಐಯು ಬದಲು ಮಿಲಿಗ್ರಾಂ ನಮೂದಿಸುವ ನಿಯಮವನ್ನು ಹೊರಡಿಸಿತು. ಇದರ ಪ್ರಕಾರ 400 ಐಯು ಸಹಜ ಜೀವಸತ್ವವು 268 ಮಿಲಿಗ್ರಾಂ ಎಂದೂ, 400 ಐಯು ಕೃತಕ ಜೀವಸತ್ವವು ಕೇವಲ 180 ಮಿಲಿಗ್ರಾಂ ಎಂದೂ ಪರಿಗಣಿತವಾಗುತ್ತದೆ. ಒಂದೇ ಅಂಕಿಯನ್ನು ಹೊತ್ತು ಅಕ್ಕಪಕ್ಕ ನಿಂತಿದ್ದ ಎರಡು ಸೀಸೆಗಳ ಬೆಲೆಯೇ ಬೇರೆಯೆಂದು ಹೀಗೆ ಬಹಿರಂಗವಾಯಿತು. ಈ ತೀರ್ಮಾನಕ್ಕೆ ಆಧಾರವೊದಗಿಸಿದ ಸಾಕ್ಷ್ಯಗಳಲ್ಲಿ ಭಾರ ಜಲಜನಕದ ಗುರುತಿನ ಪ್ರಯೋಗಗಳು ಮುಖ್ಯವಾದವು.

ದೇಹದೊಳಗಿನ ಲೆಕ್ಕಾಚಾರ

ಜೀವಸತ್ವ 'ಇ'ಯ ಅಣುವಿಗೆ ಒಂದು ತಲೆ, ಒಂದು ಉದ್ದನೆಯ ಬಾಲ. ಯಕೃತ್ತಿನಲ್ಲಿರುವ ಒಂದು ವಿಶೇಷ ಪ್ರೋಟೀನು ಆಲ್ಫಾ ಟೋಕೋಫೆರಾಲನ್ನು ಆರಿಸಿ ರಕ್ತಕ್ಕೆ ಸಾಗಿಸುತ್ತದೆ. ಅದಕ್ಕೆ ಒಗ್ಗದ ವಿನ್ಯಾಸಗಳ ಹಾಗೂ ಹೆಚ್ಚಾಗಿ ಉಳಿದ ಜೀವಸತ್ವದ ಬಾಲವನ್ನು ಯಕೃತ್ತು ತುದಿಯಿಂದ ಹಂತಹಂತವಾಗಿ ಕತ್ತರಿಸುತ್ತಾ ಬರುತ್ತದೆ. ಕೊನೆಗೆ ಉಳಿಯುವುದು ತಲೆ ಮತ್ತು ಮೂರು ಇಂಗಾಲಗಳ ಚಿಕ್ಕ ಆಮ್ಲದ ತುಂಡು. ಇದನ್ನು ಚುಟುಕಾಗಿ ಸಿಇಹೆಚ್‌ಸಿ ಎಂದು ಕರೆಯುತ್ತಾರೆ. ಇದು ನೀರಿನಲ್ಲಿ ಕರಗುವ ರೂಪ ತಾಳಿ ಮೂತ್ರದ ಮೂಲಕ ಹೊರಬೀಳುತ್ತದೆ. ಆಲ್ಫಾ ಜೀವಸತ್ವದಿಂದ ಆಲ್ಫಾ ಸಿಇಹೆಚ್‌ಸಿ, ಗಾಮಾ ಜೀವಸತ್ವದಿಂದ ಗಾಮಾ ಸಿಇಹೆಚ್‌ಸಿ ಉಂಟಾಗುತ್ತವೆ. ಇವು ಕೇವಲ ತ್ಯಾಜ್ಯವೆಂದು ತಿಳಿಯುವಂತಿಲ್ಲ. 1996ರಲ್ಲಿ ಅಮೆರಿಕದ ಲೋಮಾ ಲಿಂಡಾ ವಿಶ್ವವಿದ್ಯಾಲಯದವರು, ಮೂತ್ರಪಿಂಡವು ಸೋಡಿಯಂ ಹೊರಹಾಕಲು ನೆರವಾಗುವ ಪದಾರ್ಥವನ್ನು ಹುಡುಕುತ್ತಾ ಹೋಗಿ ಗಾಮಾ ಸಿಇಹೆಚ್‌ಸಿಯನ್ನೇ ಕಂಡುಕೊಂಡರು.

ಸೇವಿಸಿದ ಜೀವಸತ್ವದಲ್ಲಿ ಉಳಿದದ್ದೆಷ್ಟು, ಕತ್ತರಿಸಲ್ಪಟ್ಟು ಹೊರಹೋದದ್ದೆಷ್ಟು ಎಂದು ತಿಳಿಯಲು ಈ ತುಂಡುಗಳನ್ನು ಅಳೆಯಬೇಕು. 1998ರಲ್ಲಿ ಮಾರೆಟ್ ಟ್ರೇಬರ್ ಮತ್ತು ಸಂಗಡಿಗರು ಸಹಜ ಜೀವಸತ್ವಕ್ಕೆ ಮೂರು, ಕೃತಕಕ್ಕೆ ಆರು ಭಾರ ಜಲಜನಕಗಳ ಗುರುತು ಹಾಕಿ, ಎರಡನ್ನೂ ಒಟ್ಟಿಗೇ ಸೇವಿಸಲು ಕೊಟ್ಟರು. ಒಬ್ಬನೇ ವ್ಯಕ್ತಿ, ಒಂದೇ ದಿನ, ಒಂದೇ ಊಟ. ಆದುದರಿಂದ ಹೋಲಿಕೆಯಲ್ಲಿ ಪಕ್ಷಪಾತಕ್ಕೆ ಆಸ್ಪದವಿರಲಿಲ್ಲ. ಮೂತ್ರವನ್ನು ಪರೀಕ್ಷಿಸಿದಾಗ ಕೃತಕ ಜೀವಸತ್ವದ ತುಂಡುಗಳೇ ಹೆಚ್ಚಾಗಿ ಹೊರಬಂದಿದ್ದವು.

ಗುರುತಿನ ತೆಂಗಿನಕಾಯಿ

ಮೂತ್ರದಲ್ಲಿರುವ ಇಷ್ಟು ಅಲ್ಪ ಪ್ರಮಾಣದ ಪದಾರ್ಥವನ್ನು ಬೇರ್ಪಡಿಸುವಾಗ ಪ್ರತಿ ಹಂತದಲ್ಲಿಯೂ ಸ್ವಲ್ಪ ನಷ್ಟವಾಗುತ್ತದೆ. ಹಾಗಿದ್ದರೂ ಅಳತೆ ನಿಖರವಾಗುವುದು ಹೇಗೆ? ಒಂದು ದೊಡ್ಡ ತೆಂಗಿನಕಾಯಿ ರಾಶಿಯನ್ನು ಎಣಿಸಬೇಕಾಗಿದೆ ಎನ್ನೋಣ. ಬಣ್ಣದ ಗುರುತು ಹಾಕಿದ 100 ಕಾಯಿಗಳನ್ನು ಅದರಲ್ಲಿ ಬೆರೆಸಿ, ಚೆನ್ನಾಗಿ ಕಲಸಿ, 50 ಕಾಯಿಗಳನ್ನು ಹೊರತೆಗೆದಾಗ ಅವುಗಳಲ್ಲಿ 5 ಗುರುತಿನವು ದೊರೆತರೆ, ಹತ್ತಕ್ಕೆ ಒಂದು ಗುರುತಿನದು ಎಂದಾಯಿತು. ಅಂದರೆ ಒಟ್ಟು 1000 ಕಾಯಿ. ಅದರಲ್ಲಿ ರಾಶಿಯ ಸ್ವಂತದ್ದು 900. ಸಾಗಿಸುವಾಗ ಕೆಲವು ಕಾಯಿಗಳು ಕಳೆದುಹೋದರೂ ಗುರುತಿನವೂ ಗುರುತಿಲ್ಲದವೂ ಒಂದೇ ಪ್ರಮಾಣದಲ್ಲಿ ಕಳೆಯುವುದರಿಂದ ಲೆಕ್ಕ ಕೆಡುವುದಿಲ್ಲ.

ಗುರುತಿನ ಸಿಇಹೆಚ್‌ಸಿ ಈ ಬಣ್ಣದ ಕಾಯಿಯಿದ್ದಂತೆ. ಅದರ ಸ್ವಭಾವ ಸಾಮಾನ್ಯ ಸಿಇಹೆಚ್‌ಸಿಯಂತೆಯೇ. ತೂಕ ಮಾತ್ರ ಸ್ವಲ್ಪ ಹೆಚ್ಚು. ಆಲ್ಫಾ ಸಿಇಹೆಚ್‌ಸಿಯ ಅಣುತೂಕ 278. ಮೂರು ಗುರುತಿದ್ದರೆ 281, ಆರಿದ್ದರೆ 284, ಒಂಬತ್ತಿದ್ದರೆ 287. ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವು ಇವನ್ನು ಸುಲಭವಾಗಿ ಬೇರೆ ಬೇರೆಯಾಗಿ ಎಣಿಸುತ್ತದೆ. ಒಂದೇ ಗುರುತು ಸಾಲದು. ಪ್ರಕೃತಿಯಲ್ಲಿರುವ ಇಂಗಾಲದಲ್ಲಿಯೇ ಶೇ. 1ರಷ್ಟು ಪರಮಾಣುಗಳು ಒಂದು ಅಂಶ ಭಾರವಾಗಿರುತ್ತವೆ. ಹದಿನಾರು ಇಂಗಾಲಗಳ ಈ ಅಣುವಿನಲ್ಲಿ 278ರ ಪ್ರತಿ 100ಕ್ಕೆ ಸುಮಾರು 17 ಅಣುಗಳು ತಾವಾಗಿಯೇ 279 ತೂಗುತ್ತವೆ. ಆದುದರಿಂದ ಗುರುತು ಕನಿಷ್ಠ ಮೂರಾದರೂ ಇರುವುದು ಕ್ಷೇಮ.

ಭಾರ ಜಲಜನಕದ ಮೂಲ

ಡ್ಯೂಟೇರಿಯಂ ಎಂಬ ಭಾರ ಜಲಜನಕವನ್ನು ಅಮೆರಿಕದ ಹೆರಾಲ್ಡ್ ಯೂರಿ 1931ರಲ್ಲಿ ಕಂಡುಹಿಡಿದರು. ಅದಕ್ಕಾಗಿ 1934ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು. ಇದು ವಿಕಿರಣ ಸೂಸುವುದಿಲ್ಲ. ಸಾಮಾನ್ಯ ನೀರಿನಲ್ಲಿರುವ ಸುಮಾರು 6,400 ಜಲಜನಕ ಪರಮಾಣುಗಳಲ್ಲಿ ಒಂದು ಈ ಬಗೆಯದು. ಇದನ್ನು ಬೇರ್ಪಡಿಸಿ ಪಡೆಯುವ ಭಾರಜಲವೇ ಗುರುತಿನ ರಾಸಾಯನಿಕಗಳೆಲ್ಲಕ್ಕೂ ಮೂಲ ಸರಕು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕೈಗಾ ಅಣುವಿದ್ಯುತ್ ಕೇಂದ್ರದ ಸ್ಥಾವರಗಳಲ್ಲಿ ಬಳಕೆಯಾಗುವುದು ಇದೇ ಭಾರಜಲ. ಭಾರತದಲ್ಲಿ ಪರಮಾಣು ಶಕ್ತಿ ಇಲಾಖೆಯ ಭಾರಜಲ ಮಂಡಳಿ ಇದನ್ನು ಉತ್ಪಾದಿಸುತ್ತದೆ. 2017ರಲ್ಲಿ ಭಾರ ಜಲಜನಕವುಳ್ಳ ಮೊದಲ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತ ಮೇಲೆ, ಈ ಸರಕಿಗೆ ವಿದ್ಯುತ್ ಸ್ಥಾವರದ ಆಚೆಗಿನ ಬೇಡಿಕೆಯೂ ಎದ್ದು ಕಾಣತೊಡಗಿದೆ.

ತಯಾರಿಕೆಯ ವಿಧಾನ

ಸಿಇಹೆಚ್‌ಸಿಯ ತಯಾರಿಕೆ ಕೃತಕ ಜೀವಸತ್ವದ ತಯಾರಿಕೆಯನ್ನೇ ಹೋಲುತ್ತದೆ. ಟ್ರೈಮೀಥೈಲ್ ಹೈಡ್ರೋಕ್ವಿನೋನ್‌ಗೆ ಉದ್ದ ಬಾಲದ ಐಸೋಫೈಟಾಲ್ ಬದಲು ಲ್ಯಾಕ್ಟೋನ್ ಎಂಬ ಚಿಕ್ಕ ಉಂಗುರದ ಪದಾರ್ಥವನ್ನು ಕೂಡಿಸಬೇಕು. ಲ್ಯಾಕ್ಟೋನನ್ನು ಲೆವುಲಿನಿಕ್ ಆಮ್ಲದ ಎಸ್ಟರಿನಿಂದ ಪಡೆಯಬಹುದು. ಬೋರಾನ್ ಟ್ರೈಫ್ಲೋರೈಡ್‌ನಂತಹ ಆಮ್ಲೀಯ ವೇಗವರ್ಧಕದ ಸಮಕ್ಷಮದಲ್ಲಿ ಇವೆರಡೂ ಕೂಡಿ ಆಲ್ಫಾ ಸಿಇಹೆಚ್‌ಸಿಯಾಗುತ್ತವೆ. ಹೈಡ್ರೋಕ್ವಿನೋನ್‌ನ ಮೂರು ಮೀಥೈಲ್ ಗುಂಪುಗಳಲ್ಲಿಯೂ ಭಾರ ಜಲಜನಕವಿದ್ದರೆ ಒಂಬತ್ತು ಗುರುತಿನ ಸಿಇಹೆಚ್‌ಸಿ ದೊರೆಯುತ್ತದೆ.

ಗುರುತನ್ನು ಎಲ್ಲಿ ಹಾಕಬೇಕು ಎಂಬುದು ಮುಖ್ಯ ಪ್ರಶ್ನೆ. ಆಮ್ಲಜನಕಕ್ಕೆ ಅಂಟಿದ ಭಾರ ಜಲಜನಕವು ನೀರು ತಗಲಿದ ಕೂಡಲೇ ಕಳಚಿಹೋಗುತ್ತದೆ. ಅದು ಮಳೆಗೆ ಅಳಿಸಿಹೋಗುವ ಸುಣ್ಣದ ಗುರುತಿನಂತೆ. ಬಾಲದ ಮೇಲೆ ಹಾಕಿದ ಗುರುತನ್ನು ದೇಹವು ಬಾಲದೊಡನೆಯೇ ಕತ್ತರಿಸಿಬಿಡುತ್ತದೆ. ತಲೆಯ ಮೇಲಿನ ಮೀಥೈಲ್ ಗುಂಪಿನಲ್ಲಿ ಇಂಗಾಲಕ್ಕೆ ಬಿಗಿದ ಗುರುತು ಮಾತ್ರ ಕೊನೆಯವರೆಗೂ ನಿಲ್ಲುತ್ತದೆ.

ಕೆನಡಾದ ರಾಷ್ಟ್ರೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು ಟೋಕೋಫೆರಾಲ್‌ಗಳಿಗೆ ಇಂತಹ ಗುರುತು ಹಾಕುವ ವಿಧಾನವನ್ನು 1990ರಲ್ಲಿ ಪ್ರಕಟಿಸಿದರು. ಗಾಮಾ ಟೋಕೋಫೆರಾಲ್‌ನ ತಲೆಯಲ್ಲಿ ಒಂದು ಸ್ಥಾನ ಖಾಲಿಯಿರುತ್ತದೆ, ಡೆಲ್ಟಾದಲ್ಲಿ ಎರಡು. ಭಾರ ಜಲಜನಕದ ಪ್ಯಾರಾಫಾರ್ಮಾಲ್ಡಿಹೈಡ್, ಸ್ಟ್ಯಾನಸ್ ಕ್ಲೋರೈಡ್ ಮತ್ತು ಭಾರ ಜಲಜನಕದ ಹೈಡ್ರೋಕ್ಲೋರಿಕ್ ಆಮ್ಲ ಬಳಸಿ ಆ ಸ್ಥಾನಗಳಿಗೆ ಗುರುತಿನ ಮೀಥೈಲ್ ಗುಂಪನ್ನು ಜೋಡಿಸಿದರೆ ಮೂರು ಅಥವಾ ಆರು ಗುರುತಿನ ಆಲ್ಫಾ ಟೋಕೋಫೆರಾಲ್ ಸಿದ್ಧ. ಇಲ್ಲಿ ಒಂದು ಸೂಕ್ಷ್ಮವಿದೆ. ಮೂರು ಗುರುತುಗಳಲ್ಲಿ ಎರಡು ಫಾರ್ಮಾಲ್ಡಿಹೈಡ್‌ನಿಂದಲೂ ಮೂರನೆಯದು ಆಮ್ಲದಿಂದಲೂ ಬರುತ್ತವೆ. ದುಬಾರಿ ಆಮ್ಲವನ್ನು ಉಳಿಸಲೆಂದು ಸಾಮಾನ್ಯ ಆಮ್ಲವನ್ನು ಬಳಸಿದರೆ ಎರಡು ಗುರುತಿನ ಸರಕು ಉಂಟಾಗಿ, ಇಡೀ ತಯಾರಿಕೆ ವ್ಯರ್ಥವಾಗುತ್ತದೆ. 2006ರಲ್ಲಿ ಇಟಲಿಯ ಸಂಶೋಧಕರು ಎರಡು ಹಾಗೂ ಮೂರು ಗುರುತಿನ ಗಾಮಾ ಸಿಇಹೆಚ್‌ಸಿಯ ತಯಾರಿಕೆಯನ್ನೂ ಪ್ರಕಟಿಸಿದರು.

ಪ್ರತಿ ಹಂತದಲ್ಲಿ ಶೇ. 80 ಇಳುವರಿ ಬಂದರೂ ಐದು ಹಂತಗಳ ನಂತರ ಉಳಿಯುವುದು ಶೇ. 33ರಷ್ಟು ಮಾತ್ರ. ಆದುದರಿಂದ ಬೆಲೆಬಾಳುವ ಗುರುತನ್ನು ಆದಷ್ಟು ಕೊನೆಯ ಹಂತಗಳಲ್ಲಿ ಸೇರಿಸುವುದು ಲಾಭಕರ. ಫಾರ್ಮಾಲ್ಡಿಹೈಡ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಕೂಡಿದಾಗ ಕ್ಯಾನ್ಸರ್ ತರಬಲ್ಲ ಈಥರ್ ಉಂಟಾಗುವ ಅಪಾಯವಿದೆ ಎಂಬುದನ್ನೂ ಮರೆಯಬಾರದು. ತರಬೇತಿ ಪಡೆದ ರಸಾಯನಶಾಸ್ತ್ರಜ್ಞರು, ಗಾಳಿ ಹೊರಸೂಸುವ ಸುಸಜ್ಜಿತ ವ್ಯವಸ್ಥೆ ಇಲ್ಲದೆಡೆ ಈ ಕೆಲಸಕ್ಕೆ ಕೈಹಾಕುವುದು ಸಲ್ಲದು.

ಶುದ್ಧತೆಯ ಎರಡು ಮುಖಗಳು

ಸಾಮಾನ್ಯ ರಾಸಾಯನಿಕಕ್ಕೆ ಶುದ್ಧತೆಯ ಒಂದು ಅಂಕಿ ಸಾಕು. ಗುರುತಿನ ರಾಸಾಯನಿಕಕ್ಕೆ ಎರಡು ಬೇಕು. ಬೇರೆ ಪದಾರ್ಥ ಬೆರೆತಿಲ್ಲವೆಂಬುದು ಮೊದಲನೆಯದು. ಗುರುತಿಲ್ಲದ ಅದೇ ಪದಾರ್ಥ ಬೆರೆತಿಲ್ಲವೆಂಬುದು ಎರಡನೆಯದು. ಒಂದು ಮಾದರಿಯಲ್ಲಿ ನಿಜವಾಗಿ ಇರುವುದು 20 ನ್ಯಾನೋಗ್ರಾಂ ಎಂದುಕೊಳ್ಳೋಣ. ಅದಕ್ಕೆ 1000 ನ್ಯಾನೋಗ್ರಾಂ ಗುರುತಿನ ಪದಾರ್ಥವನ್ನು ಸೇರಿಸಲಾಗಿದೆ, ಅದರಲ್ಲಿ ಶೇ. 2 ಗುರುತಿಲ್ಲದ್ದು ಸೇರಿಕೊಂಡಿದೆ. ಆಗ ಕಲ್ಲಿನಿಂದಲೇ 20 ನ್ಯಾನೋಗ್ರಾಂ ಬಂದು, ಉತ್ತರ ಸರಿಸುಮಾರು 40 ಎಂದಾಗುತ್ತದೆ. ಸರಕಿನಲ್ಲಿ ಇಲ್ಲದ್ದು ಲೆಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ಶತ್ರು ಗಾಳಿ. ಸಿಇಹೆಚ್‌ಸಿ ಆಮ್ಲಜನಕದೊಡನೆ ಸುಲಭವಾಗಿ ವರ್ತಿಸಿ ಕ್ವಿನೋನ್ ಆಗಿಬಿಡುತ್ತದೆ. 1950ರ ದಶಕದಲ್ಲಿ ಮೂತ್ರದಲ್ಲಿ ಕಂಡ ಇಂತಹ ಕ್ವಿನೋನ್ ಪದಾರ್ಥಗಳನ್ನೇ ಜೀವಸತ್ವದ ಮುಖ್ಯ ಅಂತ್ಯ ರೂಪವೆಂದು ನಂಬಲಾಗಿತ್ತು. ಅವುಗಳಲ್ಲಿ ಬಹುಪಾಲು ಮಾದರಿಯನ್ನು ನಿರ್ವಹಿಸುವಾಗ ಉಂಟಾದದ್ದೆಂದು ದಶಕಗಳ ನಂತರ ತಿಳಿದುಬಂತು. ಆದುದರಿಂದ ಇದನ್ನು ಸಾರಜನಕ ಅಥವಾ ಆರ್ಗಾನ್ ತುಂಬಿದ ಸೀಸೆಯಲ್ಲಿ, ಬೆಳಕು ತಾಗದಂತೆ, ಶೀತಲವಾಗಿ ಇರಿಸುತ್ತಾರೆ.

ಖರೀದಿದಾರರು ಕೇಳಬೇಕಾದುದು

ಗುರುತಿನ ಪದಾರ್ಥವನ್ನು ತರಿಸುವವರು ಪ್ರಮಾಣಪತ್ರದಲ್ಲಿ ಐದು ಸಂಗತಿಗಳನ್ನು ನೋಡತಕ್ಕದ್ದು: ರಾಸಾಯನಿಕ ಶುದ್ಧತೆ, ಗುರುತಿಲ್ಲದ ಅಂಶದ ಶೇಕಡಾ ಪ್ರಮಾಣ, ಗುರುತು ಅಣುವಿನ ಯಾವ ಸ್ಥಾನದಲ್ಲಿದೆ ಎಂಬ ವಿವರ, ಒಂದೇ ತಿರುವಿನದೋ ಮಿಶ್ರಣವೋ ಎಂಬ ಹೇಳಿಕೆ, ಹಾಗೂ ತಯಾರಿಕೆಯ ದಿನಾಂಕದೊಡನೆ ಸಂಗ್ರಹಣೆಯ ಸೂಚನೆ.

ಗುರುತಿನ ಪದಾರ್ಥಕ್ಕೂ ತಮಗೂ ಸಂಬಂಧವಿಲ್ಲ, ತಾವು ಜೀವಸತ್ವ 'ಇ'ಯನ್ನು ಮಾತ್ರ ಕೊಂಡು ಮಾರುವವರು ಎನ್ನುವ ಸದಸ್ಯರಿಗೂ ಒಂದು ಎಚ್ಚರಿಕೆಯ ಮಾತು. ಪೀಪಾಯಿಯ ಮೇಲೆ 'ಡಿ-ಆಲ್ಫಾ' ಎಂದಿದ್ದರೆ ಅದು ಸಹಜ ಬಗೆ. 'ಡಿಎಲ್-ಆಲ್ಫಾ' ಎಂದಿದ್ದರೆ ಕೃತಕ ಬಗೆ. ಇಲ್ಲಿನ 'ಡಿ'ಗೂ ಡ್ಯೂಟೇರಿಯಂನ 'ಡಿ'ಗೂ ಯಾವ ಸಂಬಂಧವೂ ಇಲ್ಲ; ಅದು ಅಣುವಿನ ತಿರುವನ್ನು ಸೂಚಿಸುವ ಅಕ್ಷರ. 'ಎಲ್' ಎಂಬ ಒಂದೇ ಅಕ್ಷರವನ್ನು ಗಮನಿಸದೆ ಸಹಜದ ಬೆಲೆಗೆ ಕೃತಕವನ್ನು ಕೊಂಡವರು, ರಫ್ತು ಮಾಡುವಾಗ ಲೇಬಲಿನ ಮಿಲಿಗ್ರಾಂ ಲೆಕ್ಕದಲ್ಲಿ ನಷ್ಟವನ್ನೂ ಆಕ್ಷೇಪಣೆಯನ್ನೂ ಒಟ್ಟಿಗೇ ಎದುರಿಸಬೇಕಾದೀತು. ಆದುದರಿಂದ ಬಿಲ್ಲಿನಲ್ಲಿಯೂ ವಿಶ್ಲೇಷಣಾ ಪತ್ರದಲ್ಲಿಯೂ ಈ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ಪರಿಶೀಲಿಸಿದ ನಂತರವೇ ಸರಕನ್ನು ಉಗ್ರಾಣಕ್ಕೆ ಇಳಿಸಿಕೊಳ್ಳುವುದು ಉಚಿತ.